ಬುಗುರಿ ಕತ್ತರಿಸಿದ ಬ್ಯಾಟರಿ

ಅವನಿಗೆ ಬುಗುರಿ ಎಂದು ಹೆಸರಿಟ್ಟವಳು ಅವನ ಅಕ್ಕ. ಆಗ ಅವನಿಗೆ ಆರು ವರ್ಷ, ಅವಳಿಗೆ ಹನ್ನೆರಡು. ಅವಳ ಕೈಗಡಿಯಾರವನ್ನು ಬಿಚ್ಚಿ, ಅದರ ಹೊಟ್ಟೆಯೊಳಗಿನದನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದ. ಕೂತಿದ್ದ ಎನ್ನುವುದೂ ಸುಳ್ಳೇ, ಅದರ ಸುತ್ತ ಕುಣಿಯುತ್ತಿದ್ದ. "ಒಂದು ಕಡೆ ನಿಲ್ಲೋ, ಬುಗುರಿ!" ಎಂದು ಅವಳು ಬೆನ್ನಿಗೆ ಒಂದು ಬಿಟ್ಟಳು. ಗಡಿಯಾರ ಮತ್ತೆ ಓಡಲಿಲ್ಲ. ಹೆಸರು ಮಾತ್ರ ಉಳಿದುಕೊಂಡಿತು, ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಐವತ್ತನಾಲ್ಕು ತುಂಬಿದರೂ ಅವನ ಕಾಲಿನ ಚಕ್ರ ನಿಂತಿರಲಿಲ್ಲ. ಕೆಲಸ ಲಿಫ್ಟ್ ರಿಪೇರಿ. ಅದೂ ಅವನಿಗೆ ಹೇಳಿ ಮಾಡಿಸಿದಂಥದ್ದು, ದಿನವಿಡೀ ಮೇಲೆ ಹೋಗು, ಕೆಳಗೆ ಬಾ. ಊಟಕ್ಕೆ ಕೂತರೆ ಅನ್ನ ಕಲಸುವ ಮೊದಲು ಕುರ್ಚಿಯ ಕಾಲು ಅಲ್ಲಾಡುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ. ಒಮ್ಮೆ ಜ್ವರ ಬಂದು ಡಾಕ್ಟರ ಹತ್ತಿರ ಹೋದವನು, ಕಾಯುವ ಕೋಣೆಯ ಬಾಗಿಲ ಕೀಲು ಕಿರುಗುಟ್ಟುವುದನ್ನು ತಡೆಯಲಾರದೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅವನ ಸರದಿ ಬಂದಾಗ ಬಾಗಿಲು ಗೋಡೆಗೊರಗಿತ್ತು, ಕಾಂಪೌಂಡರು ಬಾಯಿ ಬಿಟ್ಟುಕೊಂಡು ನಿಂತಿದ್ದ. "ಜ್ವರ ಎಲ್ರಿ ಇದೆ ನಿಮಗೆ?" ಎಂದು ಡಾಕ್ಟರು ಬೈದು ಕಳಿಸಿದರು.

ಇಂಥವನಿಗೆ ಒಂದು ಹುಚ್ಚು ಬೇಕಲ್ಲ? ಇತ್ತು. ಅವನ ಮನೆಯ ಬಾಲ್ಕನಿಗೆ ಗಾಜು ಹಾಕಿಸಿ ಮಾಡಿಕೊಂಡ ಪುಟ್ಟ ಕೋಣೆಯಲ್ಲಿ ಹದಿನೇಳು ಹಳೆಯ ಕಂಪ್ಯೂಟರುಗಳಿದ್ದವು. ನಲವತ್ತು ವರ್ಷದ ಹಿಂದೆ ಜನ ಮನೆಯ ಟಿವಿಗೆ ಸಿಕ್ಕಿಸಿಕೊಂಡು ಬಳಸುತ್ತಿದ್ದ ಎಂಟು-ಬಿಟ್ಟಿನ ಪೆಟ್ಟಿಗೆಗಳು. ಕೀಬೋರ್ಡೇ ಅದರ ಮೈ, ಮಿದುಳೂ ಅದರೊಳಗೇ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರ ನೆನಪಿನಲ್ಲಿ ಹಿಡಿಸುವುದಿಲ್ಲ. ಆದರೂ ಗುಜರಿಯಿಂದ ಅಂಥದ್ದೊಂದನ್ನು ತಂದು, ತೊಳೆದು, ಒಣಗಿಸಿ, ಸತ್ತ ಬಿಡಿಭಾಗ ಬದಲಿಸಿ, ಪರದೆಯ ಮೇಲೆ ಮೊದಲ ಅಕ್ಷರ ಮಿನುಗಿದರೆ ಬುಗುರಿಗೆ ಮೂರು ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನಾಲ್ಕನೆಯ ದಿನ, ಸರಿಯಾಗಿದ್ದ ಅದನ್ನೇ ಮತ್ತೆ ಬಿಚ್ಚುತ್ತಿದ್ದ. ನೆನಪು ಹೆಚ್ಚಿಸೋಣ, ಬಣ್ಣ ಚೂರು ತಿದ್ದೋಣ, ಶಬ್ದ ಇನ್ನೊಂದಿಷ್ಟು ಚೆನ್ನಾಗಿ ಬರಲಿ. ಚೆನ್ನಾಗಿರುವುದನ್ನು ಹಾಗೇ ಬಿಡುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

ಇಂಥ ಹುಚ್ಚಿನವರು ಇನ್ನೂ ಹತ್ತು ಹನ್ನೆರಡು ಜನ ಇದ್ದರು. ತಿಂಗಳಿಗೆರಡು ಭಾನುವಾರ ಬೆಳಿಗ್ಗೆ, ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಸೇರುತ್ತಿದ್ದರು. ಅವರಲ್ಲಿ ಬುಗುರಿಗೆ ಹತ್ತಿರದವನು ಒಬ್ಬ ಹಲ್ಲಿನ ಡಾಕ್ಟರು. ರೋಗಿಗಳ ಹಲ್ಲು ತಿಕ್ಕುವ ಬ್ರಷ್ಷಿನಲ್ಲೇ ಕಂಪ್ಯೂಟರಿನ ಚಿಪ್ಪುಗಳ ಕಾಲು ತಿಕ್ಕುತ್ತಾನೆ ಎಂದು ಉಳಿದವರು ಗೇಲಿ ಮಾಡುತ್ತಿದ್ದರು. ಆ ಮಾಳಿಗೆಯ ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ನಿಯಮ: "ಪೆಟ್ಟಿಗೆ ಬಿಚ್ಚಿದ ಕೂಡಲೇ ಬ್ಯಾಟರಿ ಕತ್ತರಿಸಿ. ಮಾತು ಆಮೇಲೆ." ಬರೆದವನು ಬುಗುರಿಯೇ. ಹಳೆಯ ಬ್ಯಾಟರಿ ಸೋರುತ್ತದೆ, ಸೋರಿದ ರಸ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಅರ್ಧ ಗಂಟೆ ತಡ ಮಾಡಿದ್ದರಿಂದಲ್ಲ, ಅರ್ಧ ಜನ್ಮ ತಡ ಮಾಡಿದ್ದರಿಂದ ಎಷ್ಟೋ ಪೆಟ್ಟಿಗೆಗಳು ಹಾಳಾದದ್ದನ್ನು ಅವನು ಕಂಡಿದ್ದ. ಹಾಗಾಗಿ ಹೊಸದಾಗಿ ಬಂದವರಿಗೆಲ್ಲ ಅದೇ ಮೊದಲ ಪಾಠ. ಕತ್ತರಿಸಿ ಕತ್ತರಿಸಿ ಅವನ ಕೈಗೆ ಅದು ರೆಪ್ಪೆ ಬಡಿದಷ್ಟೇ ರೂಢಿಯಾಗಿತ್ತು.

ಇನ್ನು ಅಕ್ಕನ ವಿಷಯ. ಅಕ್ಕನದು ಸ್ವೆಟರ್ ಹೆಣೆಯುವ ಕೆಲಸ. ನೆಲಮಾಳಿಗೆಯ ಮೂರು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಎರಡು ಹೆಣಿಗೆ ಯಂತ್ರ, ಕೆಲಸಕ್ಕೆ ಇಬ್ಬರು ಹೆಂಗಸರು. ಕಿಟಕಿಯ ಪಕ್ಕ ಒಂದು ಹಳೆಯ ಟಿವಿ, ಅದಕ್ಕೆ ಸಿಕ್ಕಿಸಿದ ಎಂಟು-ಬಿಟ್ಟಿನ ಕಂಪ್ಯೂಟರು. ಅವಳಿಗೆ ಅದು ಹುಚ್ಚಲ್ಲ, ಹೊಟ್ಟೆಪಾಡು. ಸಂಜೆಯಾದರೆ ಅದರ ಮುಂದೆ ಕೂತು, ಚೌಕದ ಪಕ್ಕ ಚೌಕ ಇಟ್ಟು ಚಿತ್ತಾರ ಬರೆಯುತ್ತಿದ್ದಳು: ಬಳ್ಳಿ, ಮೀನು, ಮೆಟ್ಟಿಲು, ಹಾರುವ ಕೊಕ್ಕರೆ. ಮರುದಿನ ಯಂತ್ರದ ಮುಂದೆ ಕೂತ ಹೆಂಗಸರಿಗೆ ಕಂಪ್ಯೂಟರು ಸಾಲುಸಾಲಾಗಿ ಲೆಕ್ಕ ಕೊಡುತ್ತಿತ್ತು, ಮೂರು ಕೆಂಪು, ಐದು ಬಿಳಿ, ಮತ್ತೆ ಮೂರು ಕೆಂಪು. ಮೂವತ್ತು ವರ್ಷದಲ್ಲಿ ನೂರ ಎಪ್ಪತ್ತೇಳು ಚಿತ್ತಾರ. ಯಾವುದನ್ನೂ ಬೇರೆಯವರಿಂದ ನಕಲು ಮಾಡಿರಲಿಲ್ಲ. "ನನಗೆ ಮಕ್ಕಳಿಲ್ಲ ಅಂತ ಯಾರು ಹೇಳಿದ್ದು? ನೂರ ಎಪ್ಪತ್ತೇಳಿವೆ, ಒಂದೂ ಎದುರು ಮಾತಾಡಲ್ಲ," ಎನ್ನುತ್ತಿದ್ದಳು.

ಆ ಚಿತ್ತಾರಗಳೆಲ್ಲ ಕೂತಿದ್ದದ್ದು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ಒಂದು ಪುಟ್ಟ ಡಬ್ಬಿಯಲ್ಲಿ. ಮೊದಲು ಟೇಪಿನಲ್ಲಿ ಉಳಿಸುತ್ತಿದ್ದಳು. ಟೇಪ್ ರೆಕಾರ್ಡರ್ ಕೈಕೊಟ್ಟಾಗ ಇಪ್ಪತ್ತೆಂಟರ ಹರೆಯದ ಬುಗುರಿ ಈ ಡಬ್ಬಿಯನ್ನು ಸ್ವತಃ ಮಾಡಿಕೊಟ್ಟಿದ್ದ. ಒಳಗೆ ನೆನಪಿನ ಚಿಪ್ಪುಗಳು, ಕರೆಂಟು ಹೋದರೂ ಅವು ಮರೆಯದಂತೆ ಒಂದು ಬ್ಯಾಟರಿ. "ಇನ್ಮೇಲೆ ಟೇಪಿನ ರಗಳೆನೇ ಬೇಡ ಅಕ್ಕ," ಎಂದು ಎದೆಯುಬ್ಬಿಸಿ ಹೇಳಿದ್ದ. ಆದರೆ ಅದಾದ ಮೇಲೆ, ಶಬ್ದ ಸರಿಮಾಡುತ್ತೇನೆ ಎಂದು ಒಯ್ದು ಎರಡು ತಿಂಗಳು ಇಟ್ಟುಕೊಂಡ, ಬಣ್ಣ ಸರಿಮಾಡುತ್ತೇನೆ ಎಂದು ಒಯ್ದು ನಾಲ್ಕು ತಿಂಗಳು ಇಟ್ಟುಕೊಂಡ. ಅಲ್ಲಿಗೆ ಅಕ್ಕ ಬಾಗಿಲು ಹಾಕಿದಳು. ಅವನು ಬಂದರೆ ಕಾಫಿ ಕೊಡುತ್ತಿದ್ದಳು, ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸುತ್ತಿದ್ದಳು.

ಹೀಗಿರುವಾಗ ಐದರ ಕೀಲಿ ಕೆಟ್ಟಿತು. ಒತ್ತಿದರೆ ಏಳದು. ಅಕ್ಕ ಜಗ್ಗಲಿಲ್ಲ. ಐದು ಬಿಳಿ ಬೇಕಾದ ಕಡೆ ನಾಲ್ಕು ಬಿಳಿ, ಆಮೇಲೆ ಒಂದು ಬಿಳಿ ಎಂದು ಒತ್ತಿ ಎರಡು ತಿಂಗಳು ದೂಡಿದಳು. ಕೊನೆಗೆ ಬೆರಳು ಸೋತು ತಮ್ಮನಿಗೆ ಫೋನ್ ಮಾಡಿದಳು. ಅವನು ಹಾರಿಕೊಂಡು ಬಂದ.

"ನೋಡು, ಐದನ್ನ ಮಾತ್ರ ಸರಿ ಮಾಡು," ಎಂದಳು, ಪೆಟ್ಟಿಗೆಯನ್ನು ಹಳೆಯ ಶಾಲಿನಲ್ಲಿ ಸುತ್ತುತ್ತಾ. "ಬಣ್ಣ ಬೇಡ, ಶಬ್ದ ಬೇಡ, ನಿನ್ನ ಹೊಸ ಹೊಸ ಐಡಿಯಾ ಯಾವುದೂ ಬೇಡ. ಬೇರೆ ಏನನ್ನೂ ಮುಟ್ಟಬೇಡ."

"ಇಲ್ಲ ಅಕ್ಕ. ನಿನ್ನಾಣೆ."

"ನನ್ನಾಣೆ ಬೇಡ, ನಾನಿನ್ನೂ ಬದುಕಬೇಕು. ಸುಮ್ನೆ ಮುಟ್ಟಬೇಡ, ಸಾಕು."

ಶನಿವಾರ ಮಧ್ಯಾಹ್ನ ಬುಗುರಿ ಬಾಲ್ಕನಿಯಲ್ಲಿ ಪೆಟ್ಟಿಗೆ ಬಿಚ್ಚಿದ. ಐದರ ಕೀಲಿಯ ಕೆಳಗೆ, ಸ್ಪ್ರಿಂಗಿಗೆ ಸುತ್ತಿಕೊಂಡು ಒಂದು ಎಳೆ ಹಸಿರು ಉಣ್ಣೆ. ಚಿಮುಟದಿಂದ ಎಳೆದ, ಒರೆಸಿದ, ಒತ್ತಿದ. ಐದು ಐದಾಯಿತು. ಹತ್ತು ನಿಮಿಷದ ಕೆಲಸ. ಅಲ್ರೀ, ಮುಗಿಯಿತಲ್ಲ? ಮುಚ್ಚಿ ಶಾಲು ಸುತ್ತಿ ಇಟ್ಟಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಬೆನ್ನ ಹಿಂದಿನ ಆ ಡಬ್ಬಿ ಅವನನ್ನು ಕರೆಯಿತು. ಇಪ್ಪತ್ತಾರು ವರ್ಷದ ಹಿಂದೆ ತಾನೇ ಮಾಡಿದ್ದು, ಆಗ ಬೆಸುಗೆ ಹೇಗೆ ಹಾಕುತ್ತಿದ್ದೆನೋ, ನೋಡಿದರೆ ಏನು ಗಂಟು ಹೋಗುತ್ತದೆ? ಎರಡೇ ಸ್ಕ್ರೂ. ಬಿಚ್ಚಿದ.

ಒಳಗೆ ನೀಲಿ ಬ್ಯಾಟರಿ. ಅದರ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಪುಡಿ. ಕತ್ತರಿ ಕೈಯಲ್ಲೇ ಇತ್ತು. ಟಕ್. ಇನ್ನೊಂದು ಕಾಲು, ಟಕ್. ಬ್ಯಾಟರಿ ಮೇಜಿನ ಮೇಲೆ ಉರುಳಿತು. "ಸದ್ಯ, ಸೋರೋ ಮುಂಚೆ ಸಿಕ್ಕಿತು," ಎಂದು ಬಾಯಿ ಆಡಿಯೂ ಬಿಟ್ಟಿತು. ಬುದ್ಧಿ ಬಂದದ್ದು ಅದಾದ ಮೇಲೆ.

ಚಿಪ್ಪುಗಳ ನೆನಪು ನಿಂತಿದ್ದದ್ದೇ ಆ ಬ್ಯಾಟರಿಯ ಮೇಲೆ. ಬಾಚಿ ಬ್ಯಾಟರಿ ಎತ್ತಿ ತುಂಡಾದ ಕಾಲುಗಳಿಗೆ ಒತ್ತಿ ಹಿಡಿದ. ಹೆಂಡತಿಯನ್ನು ಕೂಗಿ ಟಿವಿ ಹಾಕಿಸಿದ. ಅಕ್ಕನ ಪಟ್ಟಿ ಪರದೆಯ ಮೇಲೆ ಬಂತು: ಚಿತ್ತಾರಗಳು, ಸೊನ್ನೆ. ತಣ್ಣಗಿದ್ದರೆ ಚಿಪ್ಪುಗಳು ಕೆಲಹೊತ್ತು ನೆನಪಿಟ್ಟುಕೊಳ್ಳುತ್ತವೆ ಎಂದು ಎಲ್ಲೋ ಓದಿದ್ದ, ಡಬ್ಬಿಯನ್ನು ಒಯ್ದು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟ. ಹೋದ ಮೇಲೆ ತಣ್ಣಗೆ ಮಾಡಿದರೆ ಏನು ಬಂತು? ಅದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಸಲ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ.

ಭಾನುವಾರ ಅವನು ಮಾಳಿಗೆಗೆ ಹೋಗಲಿಲ್ಲ. ಸೋಮವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ನುಗ್ಗಿದ. ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿ, ಕೈಗವಸು ಕಳಚಿ, ತಲೆ ಕೆರೆದುಕೊಂಡ.

"ಹೋಗಿದ್ದು ಹೋಯ್ತು. ಸತ್ತ ನೆನಪನ್ನ ಬ್ರಹ್ಮ ಬಂದ್ರೂ ಎಬ್ಬಿಸಲ್ಲ. ಆದ್ರೆ ಒಂದು ಮಾತು. ಆ ಬ್ಯಾಟರಿ ಇವತ್ತಲ್ಲ ನಾಳೆ ತಾನಾಗೇ ಸಾಯ್ತಿತ್ತು, ಹೌದಾ?"

"ಹೌದು."

"ಹಾಗಾದ್ರೆ ತಾನಾಗೇ ಸತ್ತಿತು ಅಂತ ಹೇಳು. ನೀನು ಬಿಚ್ಚೋ ಹೊತ್ತಿಗೇ ಸೋರಿ ಹೋಗಿತ್ತು ಅನ್ನು. ಪೂರ್ತಿ ಸುಳ್ಳೂ ಅಲ್ಲ, ಅಕ್ಕನ ಮನಸ್ಸಿಗೂ ನೋವಾಗಲ್ಲ."

ಆ ಮಾತು ಬುಗುರಿಯ ಕಿವಿಗೆ ಜೇನಿನಂತೆ ಬಿತ್ತು. ಅಕ್ಕ ಮೂವತ್ತು ವರ್ಷದ ಚಿತ್ತಾರ ಕಳಕೊಂಡಳು, ಅದು ಆಗಿಹೋದದ್ದು. ತಮ್ಮನನ್ನೂ ಯಾಕೆ ಕಳಕೊಳ್ಳಬೇಕು? ಹೀಗೆ ತನ್ನ ಪುಕ್ಕಲುತನಕ್ಕೆ ಅಕ್ಕನ ಹೆಸರಿಟ್ಟುಕೊಂಡು ಮನೆಗೆ ಬಂದ. ಒಂದೇ ತೊಡಕು. ಬ್ಯಾಟರಿಯ ಕತ್ತರಿಸಿದ ತುದಿಗಳು ಫಳಫಳ ಹೊಳೆಯುತ್ತಿದ್ದವು. ಅಕ್ಕನಿಗೆ ಚಿಪ್ಪು ಗೊತ್ತಿಲ್ಲದಿರಬಹುದು, ಕತ್ತರಿಯ ಗುರುತು ಗೊತ್ತಿಲ್ಲವೇ? ದಿನಾ ನೂಲು ಕತ್ತರಿಸುವವಳು.

ಆಗ ನೋಡಿ ಅವನ ಕೈಚಳಕ. ವಿನಿಗರ್ ತಂದ, ಉಪ್ಪು ಕರಗಿಸಿದ. ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ಬಾಗಿಸಿ ಬಾಗಿಸಿ ಮುರಿದಂತೆ ಮಾಡಿ, ಆ ನೀರಿನಲ್ಲಿ ನೆನೆಸಿ ಬಿಸಿಲಿಗಿಟ್ಟ. ಡಬ್ಬಿಯ ತಾಮ್ರಕ್ಕೂ ಎರಡು ಹನಿ. ಯಾವ ಹಸಿರು ಕಿಲುಬನ್ನು ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡು ಕೆರೆದಿದ್ದನೋ ಅದೇ ಕಿಲುಬನ್ನು ಈಗ ಬೆಳೆಸುತ್ತಿದ್ದ. ಬುಧವಾರದ ಹೊತ್ತಿಗೆ ಅದು ಎಷ್ಟು ಚೆನ್ನಾಗಿ ಹಿಡಿದಿತ್ತೆಂದರೆ ಮಾಳಿಗೆಯ ಪಂಡಿತರೂ ಮೋಸ ಹೋಗುತ್ತಿದ್ದರು.

ಬಟ್ಟೆ ಒಣಹಾಕಲು ಬಂದ ಹೆಂಡತಿ ಬಗ್ಗಿ ನೋಡಿದಳು. "ಏನಿದು? ಇಷ್ಟು ದಿನ ತುಕ್ಕು ತೆಗೀತಿದ್ರಿ. ಈಗ ತುಕ್ಕು ಹಿಡಿಸೋ ವ್ಯಾಪಾರ ಶುರು ಮಾಡಿದ್ರಾ?"

"ನಾನೇನು ಮಾಡಿದೆ? ನಾನೇನೂ ಮಾಡ್ಲಿಲ್ಲ!" ಎಂದು ಬುಗುರಿ ಎಗರಿಬಿದ್ದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಅವಳು ಇಪ್ಪತ್ತೈದು ವರ್ಷದಿಂದ ಬಲ್ಲಳು. ವಿನಿಗರ್ ಬಾಟಲಿಯನ್ನು ಎತ್ತಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಅಕ್ಕನ ಫೋನು, ಆ ವಾರದ ಐದನೆಯದು. "ಆಯ್ತೇನೋ?" ಎಂದಳು. "ನಾಳೆ ಅಕ್ಕ, ನಾಳೆ," ಎಂದ. ಊಟ ಸೇರಲಿಲ್ಲ. ಕೋಣೆಯಿಂದ ಕೋಣೆಗೆ ತಿರುಗಿದ, ಸರಿಯಾಗಿದ್ದ ನಲ್ಲಿ ಬಿಚ್ಚಿ ಜೋಡಿಸಿದ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ.

ಗುರುವಾರ ಬೆಳಿಗ್ಗೆ ಏಳು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟಿನ ಬಾಗಿಲ ಬೀಗ ಸರಿಮಾಡಿದ. ಮನಸ್ಸು ಎಲ್ಲೋ, ಕೈ ಎಲ್ಲೋ. ಸಾಮಾನು ಕಟ್ಟುವ ಹೊತ್ತಿಗೆ ಮೇಲಿನಿಂದ ಗಂಟೆ ಬಡಿಯತೊಡಗಿತು. ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಒಬ್ಬ ವಯಸ್ಸಾದ ಟೈಪಿಸ್ಟ್ ಹೆಂಗಸು. ಬುಗುರಿ ಮೆಟ್ಟಿಲು ಹತ್ತಿ ಓಡಿದ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟು ಇಳಿಸಿದ. ಬಾಗಿಲು ತೆರೆದಾಗ ಆಕೆ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು, ಮುಖವೆಲ್ಲ ಬೆವರು. ಬಾಗಿಲ ಬೀಗದ ಒಂದು ಸ್ಕ್ರೂ ಸಡಿಲವಾಗಿ ನೇತಾಡುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅವನೇ ಬಿಗಿ ಮಾಡದೆ ಬಿಟ್ಟದ್ದು.

"ಏನಾಯ್ತಪ್ಪಾ ಇದಕ್ಕೆ?" ಎಂದು ಆಕೆ ನಡುಗುತ್ತಾ ಕೇಳಿದರು.

"ಹಳೇ ಲಿಫ್ಟಲ್ವಾ ಅಮ್ಮಾ. ತಾನಾಗೇ ಕೆಟ್ಟೋಯ್ತು."

"ನೀನಿದ್ದೆ, ಬದುಕಿದೆ. ನಿನಗೆ ಒಳ್ಳೇದಾಗ್ಲಿ." ಆಕೆ ಅವನ ಎರಡೂ ಕೈ ಹಿಡಿದುಕೊಂಡರು.

ಬುಗುರಿಗೆ ಆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ತಾನಾಗೇ ಕೆಟ್ಟಿತು. ಎಷ್ಟು ಸಲೀಸಾಗಿ ಬಂತು ಮಾತು! ನಾಲ್ಕು ದಿನದಿಂದ ಅಕ್ಕನಿಗೆಂದು ಹೊಸೆದಿಟ್ಟ ಸುಳ್ಳು, ಕಂಡವರಿಗೂ ಹಂಚುವಷ್ಟು ಹದವಾಗಿತ್ತು. ಅವನಿಗೆ ತನ್ನ ಮೇಲೆ ಅಸಹ್ಯ ಬಂತು. "ಅಮ್ಮಾ, ತಾನಾಗಲ್ಲ. ಒಂದು ಸ್ಕ್ರೂ ಬಿಗಿ ಮಾಡೋದು ನಾನು ಮರೆತೆ. ತಪ್ಪು ನಂದು," ಎಂದುಬಿಟ್ಟ. ಆಕೆ ಕೈ ಬಿಟ್ಟರು. ದುರುಗುಟ್ಟಿ ನೋಡಿ, "ಮನುಷ್ಯನಾ ನೀನು?" ಎಂದು ಬಾಯಿತುಂಬ ಬೈದರು. ಬೈಸಿಕೊಂಡು ನಿಂತವನಿಗೆ, ಶನಿವಾರದಿಂದ ಮೊದಲ ಸಲ, ಉಸಿರು ಸಲೀಸಾಗಿ ಆಡಿತು. ಸ್ಕ್ರೂ ಬಿಗಿ ಮಾಡಿ, ಎರಡೆರಡು ಸಲ ಪರೀಕ್ಷಿಸಿ, ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದ.

ಮಧ್ಯಾಹ್ನ ಅಕ್ಕನ ಮನೆ ತಲುಪಿದಾಗ ಕೆಲಸದ ಹೆಂಗಸರು ಊಟಕ್ಕೆ ಹೋಗಿದ್ದರು. ಪೆಟ್ಟಿಗೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟ. ಬ್ಯಾಟರಿಯನ್ನು ಜೇಬಿನಿಂದ ತೆಗೆದು ಅದರ ಪಕ್ಕ ಇಟ್ಟ. ನಿಂತೇ ಇದ್ದ.

"ಅಕ್ಕ, ಚಿತ್ತಾರ ಎಲ್ಲಾ ಹೋಯ್ತು. ಈ ಬ್ಯಾಟರೀಲಿ ಉಳ್ಕೊಂಡಿದ್ವು, ನಾನು ಕತ್ತರಿಸ್ಬಿಟ್ಟೆ. ಸೋರಿರಲಿಲ್ಲ, ಕೆಟ್ಟಿರಲಿಲ್ಲ, ಚೆನ್ನಾಗೇ ಇತ್ತು. ನೀನು ಮುಟ್ಟಬೇಡ ಅಂದಿದ್ದೆ, ಮುಟ್ಟಿದೆ. ಈ ತುಕ್ಕಿದೆಯಲ್ಲ, ಇದೂ ನಾನೇ ಹಿಡಿಸಿದ್ದು, ನಿನಗೆ ಸುಳ್ಳು ಹೇಳೋಣ ಅಂತ."

ಅಕ್ಕ ಬ್ಯಾಟರಿಯನ್ನು ಬೆರಳಲ್ಲಿ ಉರುಳಿಸಿ ನೋಡಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು. ಎದ್ದು ಒಳಗೆ ಹೋದಳು. ಕಪಾಟಿನ ಸದ್ದಾಯಿತು. ನಾಲ್ಕು ದಪ್ಪ ಪುಸ್ತಕಗಳನ್ನು ತಂದು ಅವನ ಮುಂದೆ ಇಟ್ಟಳು. ಶಾಲೆಯ ಮಕ್ಕಳು ಗಣಿತಕ್ಕೆ ಬಳಸುವ ಚೌಕಳಿ ಹಾಳೆಯ ಪುಸ್ತಕಗಳು.

ಬುಗುರಿ ಮೊದಲನೆಯದನ್ನು ತೆರೆದ. ಒಂದು, ಬಳ್ಳಿ. ಎರಡು, ಮೀನು. ಮೂರು, ಮೆಟ್ಟಿಲು. ಚೌಕ ಚೌಕಕ್ಕೂ ಬಣ್ಣದ ಪೆನ್ಸಿಲಿನಲ್ಲಿ ತುಂಬಿದ ಚಿತ್ತಾರ, ಪುಟಕ್ಕೊಂದು, ಒಂದು ಚೌಕವೂ ತಪ್ಪದಂತೆ. ಅವನಿಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದು ಮೂಗು ಸೋರಿತು.

"ಅಯ್ಯೋ ಅಕ್ಕ! ಎಲ್ಲಾ ಬರ್ಕೊಂಡಿದೀಯಾ!"

"ನಿನ್ನ ಕೈಗೆ ಕೊಡೋ ಮುಂಚೆ ಮೂರು ವಾರ ಕೂತು ಬರೆದೆ. ನಿನ್ನ ಕೈ ನನಗೆ ಗೊತ್ತಿಲ್ವಾ?"

ಅವನಿಗೆ ಕುಟುಕಿತು. ಬದುಕಿದೆ ಎನ್ನುವ ಸಂತೋಷದ ಒಳಗೇ ಚುರುಕ್ಕೆಂದಿತು. "ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲ ಅಂತಾಯ್ತು," ಎಂದ, ತಮಾಷೆಯೆಂಬಂತೆ. ಅವನು ಎರಡನೆಯ ಪುಸ್ತಕ ತೆಗೆದ, ಮೂರನೆಯದು, ನಾಲ್ಕನೆಯದು. ನೂರ ಮೂವತ್ತೆಂಟು, ದೋಣಿ. ನೂರ ಮೂವತ್ತೊಂಬತ್ತು, ಗೋಧಿ ತೆನೆ. ನೂರ ನಲವತ್ತು, ಹಾರುವ ಕೊಕ್ಕರೆ. ಮುಂದಿನ ಪುಟ ತಿರುವಿದ. ಬಿಳಿ. ಅದರ ಮುಂದಿನದೂ ಬಿಳಿ.

"ಇನ್ನುಳಿದದ್ದು ಎಲ್ಲಿ ಅಕ್ಕ?"

ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು. ಕೊನೆಯ ಮೂವತ್ತೇಳು ಈಚಿನ ಎಂಟು ವರ್ಷದವು. ಕೈ ಪಳಗಿದ ಮೇಲಿನವು, ಅವಳೇ ಚೆಂದ ಎಂದು ಒಪ್ಪಿದ್ದವು.

"ಅಲ್ಲೀ ತನಕ ಬರೆದೆ," ಎಂದಳು. "ಒಂದಿನ ಬರೀತಾ ಬರೀತಾ ನನಗೇ ನಾಚಿಕೆ ಆಯ್ತು ಕಣೋ. ಇದೇನಿದು, ಒಡಹುಟ್ಟಿದ ತಮ್ಮನ್ನ ಕಳ್ಳನ ಹಾಗೆ ಕಾಯ್ತಿದೀನಲ್ಲ, ಅವನಿಗೂ ಐವತ್ತು ದಾಟಿದೆ, ಒಂದು ಮಾತು ಹೇಳಿದ್ರೆ ಕೇಳಲ್ವಾ ಅನ್ನಿಸ್ತು. ಪೆನ್ಸಿಲ್ ಕೆಳಗಿಟ್ಟು ನಿನಗೆ ಫೋನ್ ಮಾಡಿದೆ."

ಬುಗುರಿ ಪಕ್ಕದ ಸ್ಟೂಲಿನ ಮೇಲೆ ಕೂತ. ಬಿಳಿ ಪುಟಗಳನ್ನು ಒಂದೊಂದಾಗಿ ತಿರುವುತ್ತಾ ಹೋದ. ಪ್ರತಿ ಪುಟದ ನೆತ್ತಿಯ ಮೇಲೂ ಅಕ್ಕ ಮೊದಲೇ ಸಂಖ್ಯೆ ಹಾಕಿಟ್ಟಿದ್ದಳು. ನೂರ ನಲವತ್ತೊಂದು. ನೂರ ನಲವತ್ತೆರಡು. ನೂರ ನಲವತ್ತಮೂರು. ಕೆಳಗೆ ಚೌಕಳಿ ಮಾತ್ರ. ನೂರ ಐವತ್ತರ ಹೊತ್ತಿಗೆ ಅವನಿಗೆ ಸಂಖ್ಯೆಗಳು ಕಾಣಿಸದಾದವು.

ಅಕ್ಕ ಪುಸ್ತಕವನ್ನು ಅವನ ಕೈಕೆಳಗಿನಿಂದ ಎಳೆದುಕೊಂಡಳು.

"ಅದರ ಮೇಲೆ ಅಳಬೇಡ್ವೋ," ಎಂದಳು. "ಹಾಳೆ ನೆನೆದ್ರೆ ಮತ್ತೆಲ್ಲಿ ಬರೀಲಿ ನಾನು?"